ಬೈಕ್ ಲೋನಿಗೆ ಕೊಟ್ಟ ಹೊಸ ನಂಬರ್ ಹಳೇ ಸಾಲದ ರಿಕವರಿಯವರಿಗೆ ಹೇಗೆ ಸಿಗುತ್ತೆ?

ಬೇಲೂರು ಸೆಂಟರ್

ನಮಸ್ಕಾರ. ಬೇಲೂರಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡೋ ಸೆಂಟರ್ ನಡೆಸ್ತೀನಿ. ಸಿಬಿಲ್ ರಿಪೋರ್ಟ್ ತೆಗೆಸೋಕೆ ಬರೋರಲ್ಲಿ ಒಂದು ದೂರು ಪದೇ ಪದೇ ಕೇಳಿಬರ್ತಿದೆ. ಹಳೇ ಕಂತು ಬಾಕಿ ಇರುತ್ತೆ, ಸಿಮ್ ಬದಲಾಗಿರುತ್ತೆ, ಹಾಸನದ ಶೋರೂಮಲ್ಲಿ ಬೈಕ್ ಫೈನಾನ್ಸಿಗೆ ಹೊಸ ನಂಬರ್ ಕೊಟ್ಟಿರ್ತಾರೆ. ಸ್ವಲ್ಪ ದಿನಕ್ಕೇ ಹಳೇ ಸಾಲದ ರಿಕವರಿಯವರು ಹೊಸ ನಂಬರಿಗೆ ಫೋನ್ ಮಾಡ್ತಾರೆ. ಕೆಲವರಿಗೆ ಸಾಲವೇ ಇಲ್ಲ, ಆದ್ರೂ ಕಾಲ್ ಬರುತ್ತೆ. "ಸಿಬಿಲ್‌ನವರೇ ನಮ್ಮ ನಂಬರ್ ಮಾರ್ಕೊಂಡಿದಾರೆ" ಅಂತ ಬೈಕೊಂಡು ಹೋಗ್ತಾರೆ. ನಿಜವಾಗ್ಲೂ ಮಾರ್ತಾರಾ? ರಿಪೋರ್ಟಲ್ಲಿ ಎಲ್ಲಿ ನೋಡಿದ್ರೆ ಗೊತ್ತಾಗುತ್ತೆ? ದೂರು ಯಾರಿಗೆ ಬರೀಬೇಕು? ಗೊತ್ತಿರೋರು ಬಿಡಿಸಿ ಹೇಳಿದ್ರೆ ಉಪಕಾರ.

ಲೆಕ್ಕಪತ್ರ ಹಾಸನ

ಏಜೆಂಟ್‌ಗೆ ನೇರವಾಗಿ ಮಾರುವ ಹಾಗಿಲ್ಲ. ಆದರೆ ನಂಬರ್, ಸಿಬಿಲ್‌ನಂತೆ ಎಲ್ಲರ ಸಾಲದ ದಾಖಲೆ ಇಡುವ ಬ್ಯೂರೋ ಮೂಲಕವೇ ದಾಟಿರುವ ಸಾಧ್ಯತೆ ಹೆಚ್ಚು, ಅದೂ ಕಾನೂನಿನ ಒಳಗೇ.

ನಮ್ಮಲ್ಲಿ ಬ್ಯೂರೋ ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕಕ್ಕೂ ಅನ್ವಯಿಸುವುದು 2005ರ ಕ್ರೆಡಿಟ್ ಇನ್ಫರ್ಮೇಶನ್ ಕಂಪನಿಗಳ ಕಾಯ್ದೆ. ಅದರ ಪ್ರಕಾರ ಮಾಹಿತಿ ಕೊಡಬೇಕಾದದ್ದು 'ನಿರ್ದಿಷ್ಟ ಬಳಕೆದಾರ'ರಿಗೆ ಮಾತ್ರ. ಅಂದರೆ ಬ್ಯಾಂಕ್, ಫೈನಾನ್ಸ್ ಕಂಪನಿ, ಸಾಲ ಖರೀದಿಸುವ ಆಸ್ತಿ ಪುನರ್ರಚನಾ ಕಂಪನಿ, ನಿಯಮದಲ್ಲಿ ಹೆಸರಿಸಿದ ಇನ್ನು ಕೆಲವರು. ಕಮಿಷನ್ ಮೇಲೆ ವಸೂಲಿ ಮಾಡುವ ಏಜೆನ್ಸಿ ಈ ಪಟ್ಟಿಯಲ್ಲಿಲ್ಲ. ಅಧಿಕಾರವಿಲ್ಲದೆ ಮಾಹಿತಿ ಪಡೆದವರಿಗೆ ಕಲಂ 22ರಲ್ಲಿ 1 ಲಕ್ಷ ರೂ.ವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000 ರೂ.ವರೆಗೆ ಹೆಚ್ಚುವರಿ.

ಹಾಗಾದರೆ ನಂಬರ್ ಹೋಗುವುದು ಹೇಗೆ? ಬೈಕ್ ಫೈನಾನ್ಸಿನವರು ಅರ್ಜಿ ಬಂದ ಕೂಡಲೇ ಬ್ಯೂರೋಗೆ ವಿಚಾರಣೆ ಕಳಿಸುತ್ತಾರೆ. ಹೆಸರು, ಪಾನ್, ಹುಟ್ಟಿದ ದಿನಾಂಕದ ಜೊತೆ ಹೊಸ ಮೊಬೈಲ್, ಹೊಸ ವಿಳಾಸವೂ ಹೋಗುತ್ತದೆ. ಲೋನ್ ಪಾಸಾಗದಿದ್ದರೂ ಆ ನಂಬರ್ ಕಡತದಲ್ಲಿ ಕೂರುತ್ತದೆ. ಹಳೇ ಸಾಲ ಕೊಟ್ಟವರು ಅದೇ ಕಡತವನ್ನು 'ಖಾತೆ ಪರಿಶೀಲನೆ' ಅಂತ ಆಗಾಗ ತೆಗೆಸುತ್ತಿರುತ್ತಾರೆ. ತಮ್ಮ ಗ್ರಾಹಕನ ಹೊಸ ಫೋನ್, ಹೊಸ ವಿಳಾಸ ಹುಡುಕಿಕೊಡುವ ಸೇವೆಯನ್ನೇ ಬ್ಯೂರೋಗಳು ಸಾಲಸಂಸ್ಥೆಗಳಿಗೆ ದುಡ್ಡಿಗೆ ಕೊಡುತ್ತವೆ. ಸಾಲಸಂಸ್ಥೆ ಆ ನಂಬರನ್ನು ಪಟ್ಟಿಗೆ ಸೇರಿಸಿ ಏಜೆನ್ಸಿಗೆ ದಾಟಿಸುತ್ತದೆ. ಕಾಗದದ ಮೇಲೆ ಬ್ಯೂರೋ ಏಜೆಂಟ್‌ಗೆ ಏನೂ ಕೊಟ್ಟಿಲ್ಲ. ನನ್ನ ಮಟ್ಟಿಗೆ ಇದು ಸುತ್ತುಬಳಸಿದ ಮಾರಾಟವೇ, ಆದರೆ ದೂರಿನಲ್ಲಿ ಹಾಗೆ ಬರೆದರೆ ಮೊದಲ ಸಾಲಿಗೇ ಬಿದ್ದುಹೋಗುತ್ತದೆ.

ರಿಪೋರ್ಟಿನಲ್ಲಿ ಎರಡು ಕಡೆ ನೋಡಿ. ಮೊದಲನೆಯದು ಸಂಪರ್ಕ ವಿವರ. ಸಿಬಿಲ್ ರಿಪೋರ್ಟಿನಲ್ಲಿ ಫೋನ್ ನಂಬರ್ ಪಕ್ಕ ಇಂಗ್ಲಿಷಿನ ಚಿಕ್ಕ 'ಇ' ಅಕ್ಷರ ಇದ್ದರೆ ಅದು ಸಾಲದ ಅರ್ಜಿಯ ಹೊತ್ತಿಗೆ ಸೇರಿದ ನಂಬರ್ ಅಂತ ಅರ್ಥ. ಎರಡನೆಯದು ಎನ್‌ಕ್ವೈರಿ ಭಾಗ: ಯಾವ ಸಂಸ್ಥೆ, ಯಾವ ತಾರೀಕು, ಯಾವ ಉದ್ದೇಶ, ಎಷ್ಟು ಮೊತ್ತ. ನೀವು ಅರ್ಜಿಯೇ ಹಾಕದ ಸಂಸ್ಥೆಯ ಹೆಸರು ಅಲ್ಲಿದ್ದರೆ ಅದೇ ನಿಜವಾದ ದೂರಿನ ವಿಷಯ. ಕಡತ ಯಾರಾದರೂ ತೆಗೆಸಿದಾಗ ಗ್ರಾಹಕರಿಗೆ ಎಸ್‌ಎಂಎಸ್ ಅಥವಾ ಇಮೇಲ್ ಹೋಗಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಆರ್‌ಬಿಐ ಹೇಳಿದೆ. ಕಡತದಲ್ಲಿರುವುದು ಹಳೇ ಸಿಮ್ ಆದರೆ ಸಂದೇಶ ಅಲ್ಲಿಗೇ ಹೋಗಿ ಸಾಯುತ್ತದೆ.

ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪ್ರತಿ ಬ್ಯೂರೋದವರೂ ಉಚಿತವಾಗಿ ಕೊಡಬೇಕು. ಸಿಬಿಲ್ ಒಂದನ್ನೇ ತೆಗೆದು ಬಿಡಬೇಡಿ. ಸಂಘದ ಸಾಲ, ಮೈಕ್ರೋಫೈನಾನ್ಸ್ ಇರುವವರಿಗೆ ಕ್ರಿಫ್ ಹೈಮಾರ್ಕ್ ಕಡತವನ್ನೂ ನೋಡಲೇಬೇಕು.

ಬೇಲೂರು ಸೆಂಟರ್

ತುಂಬಾ ಥ್ಯಾಂಕ್ಸ್ ಸರ್. ಹಾಗಾದ್ರೆ ಆ ನಂಬರನ್ನ ಬ್ಯೂರೋದಿಂದ ತೆಗೆಸಿಬಿಟ್ರೆ ಕಾಲ್ ನಿಲ್ಲುತ್ತಾ?

ಲೆಕ್ಕಪತ್ರ ಹಾಸನ

ನಿಲ್ಲಲ್ಲ. ನಂಬರ್ ನಿಮ್ಮದೇ ಆಗಿದ್ದರೆ ತೆಗೆಯುವುದೂ ಇಲ್ಲ. ತಿದ್ದುಪಡಿ ಇರುವುದು ತಪ್ಪು ಮಾಹಿತಿಗೆ, ಬೇಡವಾದ ಮಾಹಿತಿಗೆ ಅಲ್ಲ. ಬೇರೆಯವರ ನಂಬರ್ ಅಥವಾ ಬೇರೆಯವರ ಸಾಲ ನಿಮ್ಮ ಕಡತದಲ್ಲಿದ್ದರೆ ಮಾತ್ರ ವಿವಾದ ದಾಖಲಿಸಿ. ರಿಪೋರ್ಟಿನ ಕಂಟ್ರೋಲ್ ನಂಬರ್ (ಅದರ ಮೇಲಿರುವ ಗುರುತಿನ ಸಂಖ್ಯೆ) ಬೇಕಾಗುತ್ತದೆ.

ಇಲ್ಲೊಂದು ಎಡವಟ್ಟು ಆಗುತ್ತೆ. ಬ್ಯೂರೋ ತಾನಾಗಿ ಏನನ್ನೂ ತಿದ್ದುವುದಿಲ್ಲ, ಸಾಲಸಂಸ್ಥೆಯನ್ನು ಕೇಳಿ ತಿದ್ದುತ್ತದೆ. 2025ರ ಜನವರಿಯಿಂದ ಸಾಲಸಂಸ್ಥೆಗಳು ಕನಿಷ್ಠ 15 ದಿನಕ್ಕೊಮ್ಮೆಯಾದರೂ ಬ್ಯೂರೋಗಳಿಗೆ ಡೇಟಾ ಕಳಿಸಬೇಕು. ಸಂಸ್ಥೆಯ ಸ್ವಂತ ಪುಸ್ತಕದಲ್ಲಿ ತಪ್ಪು ಹಾಗೇ ಉಳಿದಿದ್ದರೆ ಮುಂದಿನ ಸಲದ ಡೇಟಾದಲ್ಲಿ ಅದೇ ತಪ್ಪು ವಾಪಸ್ ಬರುತ್ತದೆ. ಹಾಗಾಗಿ ಬ್ಯೂರೋಗೆ ಹಾಕುವ ದಿನವೇ ಸಾಲಸಂಸ್ಥೆಯ ದೂರು ಅಧಿಕಾರಿಗೂ ಇಮೇಲ್ ಹಾಕಿ. ಮೂಲದಲ್ಲಿ ತಿದ್ದಿದರೆ ನಾಲ್ಕೂ ಬ್ಯೂರೋಗೆ ಹೋಗುತ್ತದೆ, ಒಂದು ಬ್ಯೂರೋದಲ್ಲಿ ಮಾತ್ರ ಗುದ್ದಾಡಿದರೆ ಉಳಿದ ಮೂರರಲ್ಲಿ ಹಾಗೇ ಇರುತ್ತದೆ.

ತಿದ್ದುಪಡಿಗೆ ಒಟ್ಟು ಗಡುವು 30 ದಿನ. ಅದರಲ್ಲಿ ಸಾಲಸಂಸ್ಥೆಗೆ 21. ಮೀರಿದರೆ ದಿನಕ್ಕೆ 100 ರೂ. ಪರಿಹಾರ, ತಡ ಮಾಡಿದವರ ಕೈಯಿಂದ. 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ದೂರಿನಲ್ಲಿ ಬ್ಯಾಂಕ್ ಖಾತೆ ಅಥವಾ ಯುಪಿಐ ವಿವರ ಬರೆಯಿರಿ, ಇಲ್ಲದಿದ್ದರೆ ಪರಿಹಾರ ಕೊಡುವಾಗ ಅದೇ ನೆಪ ಆಗುತ್ತದೆ.

ಕಾಫಿಸೀಮೆ

ಮೇಲಿನದಕ್ಕೆ ಎರಡು ಮಾತು ಸೇರಿಸ್ತೀನಿ. ಸಾಲ ಇಲ್ಲದವರಿಗೆ ಬರೋ ಕಾಲ್ ಎಲ್ಲವೂ ಬ್ಯೂರೋದಿಂದ ಅಲ್ಲ. ಕರೆ ಮಾಡಿದವನ ಮಾತಲ್ಲೇ ಸುಳಿವು ಸಿಗುತ್ತೆ. ಖಾತೆ ಸಂಖ್ಯೆ, ಬಾಕಿ ಮೊತ್ತ ಪೈಸೆ ಸಮೇತ ಹೇಳಿದ್ರೆ ಸಾಲಸಂಸ್ಥೆಯ ಪಟ್ಟಿ ಅವನ ಕೈಲಿದೆ. ಬೇರೆ ಯಾರದೋ ಹೆಸರು ಹೇಳಿದ್ರೆ ಸಿಮ್ ಮೊದಲು ಅವರದಾಗಿತ್ತು, ಬಂದ್ ಆದ ನಂಬರನ್ನ 90 ದಿನ ಕಳೆದ ಮೇಲೆ ಕಂಪನಿ ಇನ್ನೊಬ್ಬರಿಗೆ ಕೊಡಬಹುದು. ನಿಮ್ಮ ಸೋದರಮಾವನಿಗೂ ಕೆಲಸದ ಮನೆ ಸಾಹುಕಾರರಿಗೂ ಫೋನ್ ಹೋಗಿದ್ರೆ ಅದು ಲೋನ್ ಆ್ಯಪ್ ಕಾಂಟ್ಯಾಕ್ಟ್ಸ್ ಕದ್ದಿರೋದು. ಡಿಜಿಟಲ್ ಸಾಲದ ಆ್ಯಪ್‌ಗಳು ಫೋನ್‌ಬುಕ್, ಕಾಲ್ ಪಟ್ಟಿ, ಫೋಟೋ ಮುಟ್ಟೋ ಹಾಗಿಲ್ಲ ಅಂತ 2022ರ ಸೆಪ್ಟೆಂಬರ್‌ನಲ್ಲೇ ಆರ್‌ಬಿಐ ನಿಯಮ ಬಂದಿದೆ. ಬ್ಯೂರೋಗೆ ದೂರು ಕೊಟ್ರೆ ಏನೂ ಆಗಲ್ಲ, ಹಾಸನ ಅಥವಾ ಚಿಕ್ಕಮಗಳೂರಿನ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ಹೋಗಿ, ದುಡ್ಡು ಹೋಗಿದ್ರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು, ಜಾಮೀನು. ತೋಟದ ಸಾಲ, ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿದವರು "ನಮಗೆ ಸಾಲವೇ ಇಲ್ಲ" ಅಂತಾನೇ ಬರ್ತಾರೆ. ರಿಪೋರ್ಟಲ್ಲಿ ಆ ಖಾತೆ 'ಗ್ಯಾರಂಟರ್' ಅಂತ ಕೂತಿರುತ್ತೆ. ಅವರ ಮೇಲೆ ವಸೂಲಿ ಹಕ್ಕು ಇದ್ದೇ ಇದೆ.

ವಕೀಲರ ಕಡೆಯಿಂದ

ಕಾಲ್ ಮಾಡುವ ರೀತಿಗೆ ಪ್ರತ್ಯೇಕ ನಿಯಮ ಇದೆ. 2022ರ ಆಗಸ್ಟ್ 12ರ ಆರ್‌ಬಿಐ ಸುತ್ತೋಲೆಯಂತೆ ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡಬಾರದು. ಮನೆಯವರ, ಪರಿಚಯಸ್ಥರ ಖಾಸಗಿತನಕ್ಕೆ ಕೈ ಹಾಕಬಾರದು. ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ: 9ರ ಮೊದಲು, 6ರ ನಂತರ ಇಲ್ಲ. ಮನೆಗೆ ಬಂದ ಏಜೆಂಟ್ ಹತ್ತಿರ ಗುರುತಿನ ಚೀಟಿ, ಸಂಸ್ಥೆಯ ಅಧಿಕಾರ ಪತ್ರ ಕೇಳಿ, ಎರಡರ ಫೋಟೋ ತೆಗೆದುಕೊಳ್ಳಿ. ಆರ್‌ಬಿಐ ನೋಂದಣಿಯೇ ಇಲ್ಲದ ಲೇವಾದೇವಿಯವರು ಪೀಡಿಸುತ್ತಿದ್ದರೆ ದಾರಿ ಬೇರೆ. ಕಿರುಸಾಲದ ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯ ತಂದ ಕಾನೂನಿನಡಿ 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ ಇದೆ, ನೇರ ಪೊಲೀಸ್ ಠಾಣೆಗೆ ಹೋಗಬಹುದು.

ಬ್ಯಾಂಕ್, ಫೈನಾನ್ಸ್ ಕಂಪನಿ ಅಥವಾ ಬ್ಯೂರೋ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸಮಾಧಾನ ತರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬರೆಯಿರಿ. 2022ರ ಸೆಪ್ಟೆಂಬರ್ 1ರಿಂದ ಬ್ಯೂರೋಗಳೂ ಅದರ ವ್ಯಾಪ್ತಿಗೆ ಬಂದಿವೆ. ದೂರನ್ನು ಆರ್‌ಬಿಐನ ಸಿಎಂಎಸ್ ಎಂಬ ಆನ್‌ಲೈನ್ ದೂರು ಪೋರ್ಟಲ್‌ನಲ್ಲಿ ಹಾಕಬಹುದು, ಅಥವಾ ಕನ್ನಡದಲ್ಲೇ ಬರೆದು ಚಂಡೀಗಢದ ಸ್ವೀಕೃತಿ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಸಹಾಯವಾಣಿ 14448. ಶುಲ್ಕ ಇಲ್ಲ. ಮೊದಲು ಸಂಸ್ಥೆಗೆ ಕೊಟ್ಟ ದೂರಿನ ಪ್ರತಿ ಇಲ್ಲದೆ ಹಾಕಿದರೆ ಅಲ್ಲೇ ಮುಚ್ಚಿಬಿಡುತ್ತಾರೆ, ಎಷ್ಟೋ ದೂರುಗಳು ಬೀಳುವುದೇ ಇಲ್ಲಿ.

ದೂರಿನಲ್ಲಿ "ನನ್ನ ಮಾಹಿತಿ ಮಾರಿದ್ದಾರೆ" ಅಂತ ಬರೆಯುವ ಬದಲು ಹೀಗೆ ಕೇಳಿ: ಈ ನಂಬರ್ ನಿಮಗೆ ಯಾವ ತಾರೀಕು, ಯಾವ ಮೂಲದಿಂದ ಬಂತು? ಇಂಥ ದಿನ ಕರೆ ಮಾಡಿದ ಏಜೆನ್ಸಿಯ ಹೆಸರೇನು? ನನ್ನ ಕ್ರೆಡಿಟ್ ರಿಪೋರ್ಟನ್ನು ಆ ಏಜೆನ್ಸಿಗೆ ಕೊಟ್ಟಿದ್ದೀರಾ? ಕೊಟ್ಟಿದ್ದೇವೆ ಅಂತ ಒಪ್ಪಿದರೆ 2005ರ ಕಾಯ್ದೆಯ ಉಲ್ಲಂಘನೆ ಕೈಗೇ ಸಿಕ್ಕಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮೇಲೆ ಭಾರ ಹಾಕಬೇಡಿ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಕಲಮುಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಸಾಲದಲ್ಲಿ ಸುಸ್ತಿದಾರರಾದವರ ಆಸ್ತಿ, ಹಣಕಾಸಿನ ಮಾಹಿತಿ ಪತ್ತೆಗೆ ಕಲಂ 17ರಲ್ಲಿ ವಿನಾಯಿತಿಯೂ ಇದೆ.

ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ.

ಕಾಫಿಸೀಮೆ

ಯೂಟ್ಯೂಬಲ್ಲಿ ಓಡಾಡ್ತಿರೋ "ಬ್ಯೂರೋಗಳು ಕಲೆಕ್ಷನ್ ಏಜೆಂಟ್‌ಗೆ ಡೇಟಾ ಮಾರುತ್ತವೆ" ಅನ್ನೋ ಮಾತು ಬಹುಪಾಲು ಅಮೆರಿಕದ್ದು. ಅಲ್ಲಿ 1970ರ ಕಾನೂನೇ ಸಾಲ ವಸೂಲಿಯನ್ನ ರಿಪೋರ್ಟ್ ತೆಗೆಸೋಕೆ ಸರಿಯಾದ ಕಾರಣ ಅಂತ ಒಪ್ಪಿದೆ, ಹಾಗಾಗಿ ಕಲೆಕ್ಷನ್ ಕಂಪನಿ ನೇರವಾಗೇ ತಗೊಳ್ಳುತ್ತೆ. ಹೆಸರು, ವಿಳಾಸ, ಫೋನ್ ಇರೋ ರಿಪೋರ್ಟಿನ ತಲೆಭಾಗವನ್ನ ಬೇರೆಯಾಗಿ ಮಾರೋ ದೊಡ್ಡ ದಂಧೆಯೇ ಇದೆ. ಅದಕ್ಕೆ ಕಡಿವಾಣ ಹಾಕೋ ಕರಡನ್ನ ಅಲ್ಲಿನ ಗ್ರಾಹಕ ಹಣಕಾಸು ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ತಂದು, 2025ರ ಮೇನಲ್ಲಿ ವಾಪಸ್ ತಗೊಂಡಿತು. ಆ ವಿಡಿಯೋ ನೋಡ್ಕೊಂಡು ಇಲ್ಲಿ ದೂರು ಬರೀಬೇಡಿ.

ಲೆಕ್ಕಪತ್ರ ಹಾಸನ

ಸೆಂಟರ್‌ನವರಿಗೆ ಒಂದು ಮಾತು. ಗ್ರಾಹಕರ ರಿಪೋರ್ಟ್ ತೆಗೆಯುವಾಗ ಓಟಿಪಿಗೆ ಸುಲಭ ಅಂತ ನಿಮ್ಮ ಅಂಗಡಿಯ ಇಮೇಲ್ ಹಾಕಬೇಡಿ, ಮುಂದಿನ ಎಚ್ಚರಿಕೆ ಸಂದೇಶ, ತಿದ್ದುಪಡಿಯ ಉತ್ತರ ಎಲ್ಲ ನಿಮಗೇ ಬಂದು ಅವರಿಗೆ ಗೊತ್ತೇ ಆಗುವುದಿಲ್ಲ. ಇಮೇಲ್ ಇಲ್ಲದವರಿಗೆ ಅವರದೇ ಫೋನಲ್ಲಿ ಒಂದು ಮಾಡಿಕೊಡಿ. ಪ್ರಿಂಟ್ ಕೊಟ್ಟ ಮೇಲೆ ಡೌನ್‌ಲೋಡ್ಸ್ ಫೋಲ್ಡರ್, ರಿಸೈಕಲ್ ಬಿನ್ ಎರಡೂ ಖಾಲಿ ಮಾಡಿ, ವಾಟ್ಸಾಪ್ ವೆಬ್‌ನಲ್ಲಿ ಕಳಿಸಿದ ಪಿಡಿಎಫ್ ಕೂಡ ಅಳಿಸಿ.