7 ತಿಂಗಳ ಕೂಸು ಕೈ ಊರಿ ಕುಂಡ್ರತೈತಿ. ಮುಂದ ಏನ ನೋಡಬೇಕು?

ಜಮಖಂಡಿ ತಾಯಿ:
ನಮಸ್ಕಾರ್ರಿ. ಮಗಗ 7 ತಿಂಗಳ ತುಂಬ್ಯಾವು. ದಿನ ತುಂಬೂಕಿಂತ ಮೊದಲ, 35ನೇ ವಾರಕ್ಕ ಹುಟ್ಟಿದಾಂವ. ಈಗ ಮುಂದ ಎರಡೂ ಕೈ ಊರಿ ಅರ್ಧ ನಿಮಿಷ ಕುಂಡ್ರತಾನ, ಆಮ್ಯಾಲ ವಾಲಿ ಬೀಳತಾನ. ಡಬ್ಬ ಬೀಳೂದು ಬಲಕ್ಕಷ್ಟ. ಗಿಲಗಂಚಿ ಈ ಕೈಯಿಂದ ಆ ಕೈಗೆ ದಾಟಸೂದ ಹೊಸದಾಗಿ ಕಲತಾನ, ಮನಿ ಮಂದೆಲ್ಲಾ ಕೆಲಸ ಬಿಟ್ಟು ಅದನ್ನ ನೋಡಕೋತ ಕುಂಡ್ರತೇವಿ! ಅತ್ತೆಯವರು ವಾಕರ್ ತರೂಣು ಅಂತಾರ. ಮನೀಗಿ ಪರಸಿ ಹಾಸೇತಿ. ಕುಂಡ್ರೂದು, ಅಂಬೆಗಾಲು ಯಾವಾಗ ಬರ್ತಾವು? ದಿನಾ ಏನ ಮಾಡಸಬೇಕು, ಏನ ಮಾಡಸಬಾರದು?

ಗುಮ್ಮಟದ ಊರು:
ಮೊದಲ ವಯಸ್ಸಿನ ಲೆಕ್ಕಾ ಸರಿ ಮಾಡ್ಕೋರಿ ಅವ್ವಾರ. 40 ವಾರದಾಗ 35 ಕಳದ್ರ 5 ವಾರ. ಅಷ್ಟನ್ನ ಕೂಸಿನ ವಯಸ್ಸಿನಾಗ ತಗೀರಿ. ಅಂದ್ರ ನಿಮ್ಮ ಮಗನ ಬೆಳವಣಿಗಿ ನೋಡೂಮುಂದ ಅವಗ ಇನ್ನೂ ಆರು ತಿಂಗಳಿಗೆ ಒಂದು ಚೂರು ಕಮ್ಮಿ ಅಂತ ಹಿಡೀಬೇಕು. ಈ ಲೆಕ್ಕಾ ಎರಡು ವರ್ಷದ ತನಕ. ಲಸಿಕಿಗೆ ಮಾತ್ರ ಇದು ನಡಿಯಂಗಿಲ್ಲ, ಅದು ಹುಟ್ಟಿದ ದಿನದ ಪ್ರಕಾರನ ಆಗಬೇಕು. ಹಿಂಗ ನೋಡಿದ್ರ ಕೈ ಊರಿ ಕುಂಡ್ರೂದು, ಕೈಯಿಂದ ಕೈಗೆ ದಾಟಸೂದು, ಎರಡೂ ಹೊತ್ತಿಗೆ ಸರಿಯಾಗೇ ಬಂದಾವ.

ವಿಶ್ವ ಆರೋಗ್ಯ ಸಂಸ್ಥೆ ಭಾರತ ಸೇರಿ ಐದು ದೇಶದ ಮಕ್ಕಳನ್ನ ನೋಡಿ 2006ರಾಗ ಕೊಟ್ಟ ಅವಧಿ ಹೀಂಗ ಅದ: ಆಸರಿಲ್ಲದ ಕುಂಡ್ರೂದು 3.8ರಿಂದ 9.2 ತಿಂಗಳು, ಅಂಬೆಗಾಲು 5.2ರಿಂದ 13.5, ಒಬ್ಬನ ನಡಿಯೂದು 8.2ರಿಂದ 17.6. ಬಾಜೂ ಮನಿ ಕೂಸು 10 ತಿಂಗಳಿಗೆ ನಡೀತು ಅಂತ ಜೀವಾ ತಿನ್ನೋ ಮಂದಿಗೆ ಕಡೀ ಅಂಕಿ ತೋರಸ್ರಿ. ಅದ ಅಧ್ಯಯನದಾಗ ಸುಮಾರು 4 ಪ್ರತಿಶತ ಮಕ್ಕಳು ಅಂಬೆಗಾಲು ಇಡದನ ಮುಂದ ಹೋದ್ವು.

ಅದಕ್ಕ ತಾರೀಖು ನೋಡೂದ್ಕಿಂತ, ಹೋದ ವಾರಕ್ಕಿಂತ ಈ ವಾರ ಏನ ಹೊಸಾದು ಅನ್ನೂದನ್ನ ನೋಡ್ರಿ. ಕುಂಡ್ರೂದ್ರಾಗ ಮೊದಲ ಎರಡೂ ಕೈ ನೆಲಕ್ಕ, ಆಮ್ಯಾಲ ಒಂದ ಕೈ, ಆಮ್ಯಾಲ ಎರಡೂ ಕೈ ಬಿಟ್ಟು ಸಾಮಾನ ಹಿಡಿಯೂದು, ಕಡೀಕ ಸೊಂಟ ತಿರವಿ ಹಿಂದಿನ್ನ ತಗೋಳೂದು. ನೋಡೋರಿಗೆ ಖುಷಿ ಇರೂದು ಈ ನಡುವಿನ ಮೆಟ್ಟಲದಾಗ. ವಾರಕ್ಕೊಮ್ಮೆ ಮೊಬೈಲು ನೆಲದ ಮಟ್ಟಕ್ಕ ಇಟ್ಟು ಬಾಜೂದಿಂದ ಒಂದು ನಿಮಿಷ ವಿಡಿಯೋ ತಗೀರಿ. ಡಾಕ್ಟರಿಗೂ ಅದು ಭಾಳ ಉಪಯೋಗ.

ಕೌದಿ:
ಪರಸಿ ಮ್ಯಾಲ ಬರೇ ಕೌದಿ ಹಾಸಿದ್ರ ಅದು ಜಾರತೈತಿ, ಕೂಸು ಕೈ ಊರಿದಲ್ಲೇ ಮುಗ್ಗರಸತೈತಿ. ಕೆಳಗ ಜಮಖಾನಿ, ಅದರ ಮ್ಯಾಲ ಕೌದಿ ಒಂದ ಪದರ, ಸುಕ್ಕ ಇಲ್ದಂಗ. ದಪ್ಪನ ಗಾದಿ ಬ್ಯಾಡ, ಕೈ ಹುಗದು ಒತ್ತಾಕ ಬಲಾನ ಸಿಗಂಗಿಲ್ಲ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಇದ್ರ ಸಾಕು. ಮೊಣಕಾಲು, ಪಾದ ಬರಿಗಾಲಿರಲಿ. ಸಾಕ್ಸು, ಉದ್ದನ ಫ್ರಾಕು ಕಾಲಿಗೆ ಸಿಗ್ತಾವು.

ಎಚ್ಚರಿದ್ದಾಗ ಹೊಟ್ಟಿ ಮ್ಯಾಲ ದಿನಕ್ಕ ಒಟ್ಟು 30 ನಿಮಿಷರ ಆಗಬೇಕು, 3-5 ನಿಮಿಷದ ತುಂಡು ಮಾಡಿ. ಹಾಲು ಕುಡದ ಅರ್ಧ ತಾಸಿನ ಮ್ಯಾಲ ಹಾಕ್ರಿ, ಇಲ್ಲಂದ್ರ ಕಕ್ಕತೈತಿ. ಬ್ಯಾಸರಾ ಮಾಡಿದ್ರ ಟವೆಲ್ ಸುರುಳಿ ಸುತ್ತಿ ಎದಿ ಕೆಳಗ ಇಡ್ರಿ, ಮೊಣಕೈ ಸುರುಳಿ ಮುಂದ ಬರಬೇಕು. ಅಂಗೈ ನೆಲಕ್ಕ ಹತ್ತಲಿಲ್ಲಂದ್ರ ಸುರುಳಿ ದಪ್ಪ ಆಗೇತಿ ಅಂತ ತಿಳೀರಿ. ಮಲಗಸೂಮುಂದ ಮಾತ್ರ ಅಂಗಾತನ.

ಕುಂತಾಗ ಆಟಿಕಿ ಕಾಲ ನಡುವ ಇಡಬ್ಯಾಡ್ರಿ. ಟೊಂಕದ ಬಾಜೂಕ, ಒಂಚೂರು ಹಿಂದಕ್ಕ, ಕೈಗೆ ಎಟಕೂ ಹಂಗ ಇಡ್ರಿ. ಕೂಸು ತಿರಗಿ ಬಾಜೂಕ ಕೈ ಊರತೈತಿ, ಬೀಳೂಮುಂದ ತಡಕೊಳ್ಳೂದು ಹಂಗ ಬರೂದು. ಎಡಕ್ಕ ಬಲಕ್ಕ ಅದಲು ಬದಲು ಮಾಡ್ರಿ. ಬಲಕ್ಕಷ್ಟ ಡಬ್ಬ ಬೀಳತಾನ ಅಂದ್ರಿ, ತೊಟ್ಟಲದಾಗ ತಲಿ ಇಡೂ ದಿಕ್ಕು ಬದಲಿಸಿ ನೋಡ್ರಿ. ಮಂದಿ ಯಾವ ಕಡೆಯಿಂದ ಬರ್ತಾರೋ ಕೂಸು ಆ ಕಡೆನ ಹೊಳ್ಳತೈತಿ.

ಗಾಲಿ ವಾಕರ್ ಬ್ಯಾಡ. ಅದರಾಗ ಕೂಸು ತುದಿಗಾಲಲೆ ಒತ್ತತೈತಿ, ತನ್ನ ಕಾಲ ತನಗ ಕಾಣಂಗಿಲ್ಲ, ಮೈತೂಕ ಸಮ ಮಾಡೂ ಕೆಲಸಾ ವಾಕರ್ ಮಾಡತೈತಿ. ಮ್ಯಾಲ ಒಂದ ಕ್ಷಣದಾಗ ಚಹಾದ ಕಪ್ಪು, ಒಲಿ, ಹೊಸ್ತಿಲದ ತನಕ ಹೋಗತೈತಿ. ಕೆನಡಾ ದೇಶ ಇದನ್ನ 2004ರಾಗ ಬಂದ್ ಮಾಡೇತಿ. ಕಟ್ಟಿಗಿ ತಳ್ಳೂ ಗಾಡಿ ನಡೀತೈತಿ, ಆದ್ರ ಕೂಸು ತಾನ ಹಿಡಕೊಂಡು ಎದ್ದು ಗ್ವಾಡಿಗುಂಟ ನಡಿಯಾಕ ಚಾಲೂ ಮಾಡಿದ ಮ್ಯಾಲ. ಗಾಡಿ ಮುಗ್ಗರಸದಂಗ ಬುಡಕ್ಕ ಎರಡು ಕಿಲೋ ಜೋಳದ ಗಂಟು ಇಡ್ರಿ.

ಎಣ್ಣಿ ಹಚ್ಚೂದು ಬಿಡಬ್ಯಾಡ್ರಿ. ಕಾಲ ಹಿಡದು ತಲಿಕೆಳಗ ಜೋತಾಡಸೂದು ಮಾತ್ರ ಯಾರ ಹೇಳಿದ್ರೂ ಬ್ಯಾಡ.

ಕಿತ್ತೂರು ಕಡೆಯವರು:
ಕೈಯ ಕೆಲಸವನ್ನೂ ಗಮನಿಸಿ. ಈಗ ಇಡೀ ಅಂಗೈಯಿಂದ ಬಾಚಿಕೊಳ್ಳುತ್ತಾನೆ. 9-10 ತಿಂಗಳ ಹೊತ್ತಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯುವುದು ಶುರುವಾಗುತ್ತದೆ. ಆಗ ಬೇಯಿಸಿದ ಗಜ್ಜರಿ ತುಂಡು, ಬೇಳೆ ಕಟ್ಟಿನಲ್ಲಿ ನೆನೆಸಿದ ರೊಟ್ಟಿ ಚೂರು ತಟ್ಟೆಯಲ್ಲಿಡಿ. ಎರಡು ಬೆರಳಲ್ಲಿ ಒತ್ತಿದರೆ ನುಣ್ಣಗೆ ಹಿಸುಕಬೇಕು, ಅಷ್ಟು ಬೆಂದಿರಲಿ. ಶೇಂಗಾ, ಪುಠಾಣಿ ಕಾಳು ದೂರವಿರಲಿ, ಶ್ವಾಸನಾಳಕ್ಕೆ ಹೋಗುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡದೆ ಕೊಡಬಾರದು. ನಮ್ಮ ಕಡೆ ಹಣ್ಣಿನ ಸುಗ್ಗಿಯಲ್ಲಿ ಬಂದ ನೆಂಟರೆಲ್ಲ ಬಾಯಿಗಿಡುವುದು ಅದನ್ನೇ. ಚಪ್ಪಟೆ ಗುಂಡಿ ಸೆಲ್ಲು ಇರುವ ಆಟಿಕೆ ಬೇಡವೇ ಬೇಡ.

ಗಿಲಗಂಚಿಯ ಮೇಲೆ ಕರವಸ್ತ್ರ ಮುಚ್ಚಿ ನೋಡಿ. ಈಗ ಅದು ಇಲ್ಲವೇ ಇಲ್ಲ ಎಂಬಂತೆ ಬಿಟ್ಟುಬಿಡಬಹುದು. 8-9 ತಿಂಗಳಿಗೆ ತಾನೇ ಬಟ್ಟೆ ಸರಿಸಿ ಹುಡುಕುತ್ತಾನೆ. ಗುರುತಿಲ್ಲದವರನ್ನು ಕಂಡರೆ ಅಳುವುದೂ ಸುಮಾರು ಅದೇ ಹೊತ್ತಿಗೆ ಬರುತ್ತದೆ, ದೃಷ್ಟಿ ತಗುಲಿದ್ದಲ್ಲ.

ತೋರಿಸಲೇಬೇಕಾದವು: ಸರಿಪಡಿಸಿದ ವಯಸ್ಸಿನಲ್ಲಿ 9 ತಿಂಗಳಾದರೂ ಕೂರದಿರುವುದು, ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಹಿಡಿದೇ ಇರುವುದು, ಕಾಲುಗಳು ಸೆಟೆದು ಕತ್ತರಿಯಾಗುವುದು, ಸದ್ದಿಗೆ ತಿರುಗದಿರುವುದು. ಬರುತ್ತಿದ್ದುದು ನಿಂತು ಹೋದರೆ ಯಾವ ವಯಸ್ಸೇ ಆಗಲಿ, ತಡ ಮಾಡಬೇಡಿ. 9 ತಿಂಗಳ ದಡಾರ-ರುಬೆಲ್ಲಾ ಲಸಿಕೆಗೆ ಹೋದಾಗ ತಾಯಿ ಕಾರ್ಡಿನ ಬೆಳವಣಿಗೆಯ ಪುಟ ತೆಗೆದು ಸಿಸ್ಟರ್ ಮುಂದಿಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಉಚಿತ.

ಜಮಖಂಡಿ ತಾಯಿ:
ಭಾಳ ಛಲೋ ತಿಳಿಸಿ ಹೇಳಿದ್ರಿ. ಒಂದ ಉಳೀತು: ಹೊಟ್ಟಿ ಮ್ಯಾಲ ಹಾಕಿ ಮುಂದ ಆಟಿಕಿ ಇಟ್ರ ಹಿಂದಹಿಂದಕ್ಕ ಸರದು ಸಿಟ್ಟಿಗೇಳತಾನ. ಯಾಕ್ರಿ?

ಕೌದಿ:
ಕೈ ಬಲಾ ಕಾಲಿಗಿಂತ ಮುಂಚೆ ಬರ್ತೈತಿ. ಅಂಗೈಲೆ ಒತ್ತತಾನ, ಮೈ ಹಿಂದಕ್ಕ ಹೋಗತೈತಿ. ಮೊದಮೊದಲ ಭಾಳ ಮಕ್ಕಳು ಹಿಂಗ ಮಾಡ್ತಾವು. ಆಟಿಕಿ ಒಂದು ಗೇಣು ದೂರಷ್ಟ ಇಡ್ರಿ. ಮೊಣಕಾಲು ಮಡಚಿ ಎರಡೂ ಪಾದದ ಹಿಂದ ನಿಮ್ಮ ಅಂಗೈ ಗ್ವಾಡಿ ಹಂಗ ಹಿಡೀರಿ. ನೀವು ನೂಕಬ್ಯಾಡ್ರಿ, ಅವನ ಒದ್ದು ಮುಂದ ಹೋಗಲಿ. ನಾಕೈದು ಸಲ ಆದ್ರ ಬಿಟ್ಟು ಎತ್ತಿಕೋರಿ, ದಣದ ಮ್ಯಾಲ ಮಾಡಸಿದ್ರ ಉಪಯೋಗ ಇಲ್ಲ.