‘ರೇನ್ ಗಾರ್ಡನ್’: ‘ಮಳೆತೋಟ’ವೇ, ‘ಇಂಗುತಗ್ಗು’ ಎನ್ನಬಹುದೇ?

ಮಾನ್ಯರೆ,

ಚಾವಣಿ ಮತ್ತು ರಸ್ತೆಯ ಮಳೆನೀರನ್ನು ನೇರವಾಗಿ ಚರಂಡಿಗೆ ಬಿಡದೆ, ಅರ್ಧ ಅಡಿಯಷ್ಟು ತಗ್ಗಿಸಿ ಗಿಡ ನೆಟ್ಟ ಜಾಗದಲ್ಲಿ ನಿಲ್ಲಿಸಿ, ಒಂದೆರಡು ದಿನಗಳೊಳಗೆ ನೆಲಕ್ಕೆ ಇಂಗಿಸುವ ಏರ್ಪಾಟಿಗೆ ‘ರೇನ್ ಗಾರ್ಡನ್’ ಎಂಬ ಹೆಸರು 1990ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡಿನಿಂದ ರೂಢಿಗೆ ಬಂತು. ಕನ್ನಡದಲ್ಲಿ ಇದನ್ನು ‘ಮಳೆತೋಟ’ ಎಂದು ಬರೆಯುವುದುಂಟು.

ಕೊಪ್ಪಳದ ನಮ್ಮ ಬಡಾವಣೆಯ ಉದ್ಯಾನದ ನಕ್ಷೆಗೆ ಟಿಪ್ಪಣಿ ಬರೆಯುವಾಗ ನಾನೂ ಹಾಗೆಯೇ ಬರೆದಿದ್ದೆ. ಮೇಸ್ತ್ರಿಯವರು ಅದನ್ನು ಓದಿ, ತೋಟವೆಂದ ಮೇಲೆ ಮಣ್ಣು ಏರಿಸಬೇಕೆಂದು ತಿಳಿದು, ಸುತ್ತಲೂ ಎರಡು ವರಸೆ ಇಟ್ಟಿಗೆ ಕಟ್ಟಿಸಿ, ಒಂದು ಟ್ರ್ಯಾಕ್ಟರ್ ಮಸಾರಿ ಮಣ್ಣು ತುಂಬಿಸಿದರು. ಮೊದಲ ದೊಡ್ಡ ಮಳೆಯ ನೀರು ಆ ಇಟ್ಟಿಗೆಗೆ ಬಡಿದು ಹಿಂದಿರುಗಿ, ಎದುರು ಮನೆಯ ಮೆಟ್ಟಿಲು ಹತ್ತಿತು. ಇಟ್ಟಿಗೆ ಕೀಳಿಸುತ್ತ ಅವರು, ‘ತಗ್ಗು ಅಂತ ಬರ್ದಿದ್ರ ತಗ್ಗು ತಗೀತಿದ್ವಿರಿ’ ಎಂದರು. ಅವರು ಹೇಳಿದ್ದು ನಿಜ. ‘ಮಳೆತೋಟ’ದಲ್ಲಿ ತಗ್ಗಿನ ಸುಳಿವೇ ಇಲ್ಲ.

‘ಇಂಗುಗುಂಡಿ’ ಎಂಬ ಪದ ಕೊಳವೆಬಾವಿಯ ಬಳಿ ಕಲ್ಲು, ಮರಳು ತುಂಬುವ ಗುಂಡಿಗೆ ಆಗಲೇ ನೆಲೆಗೊಂಡಿದೆ. ‘ಹೊಂಡ’ದಲ್ಲಿ ನೀರು ಉಳಿಯಬೇಕು, ಇಲ್ಲಿ ಉಳಿದರೆ ಸೊಳ್ಳೆ. ‘ಪಾತಿ’ ಹತ್ತಿರದ ಪದವೇ ಆದರೂ ಅದು ನಾವೇ ನೀರುಣಿಸುವ ಗಿಡದ ಬುಡವನ್ನು ನೆನಪಿಸುತ್ತದೆ. ಆದ್ದರಿಂದ ‘ಇಂಗುತಗ್ಗು’ ಎಂದರೆ ಹೇಗೆ ಎಂಬುದು ನನ್ನ ಪ್ರಶ್ನೆ. ‘ಇಂಗು’ ಎಂಬ ಧಾತುವನ್ನು ಬಿಡಲು ನನಗೆ ಮನಸ್ಸಿಲ್ಲ, ಏಕೆಂದರೆ ನಮ್ಮ ಎರೆ ಭೂಮಿಯಲ್ಲಿ ಮೊದಲ ಮಳೆ ಬಿರುಕುಗಳಿಗೆ ಸರ್ರನೆ ಇಳಿದರೂ, ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ನಿಂತೇಬಿಡುತ್ತದೆ. ಮರಳು, ಗೊಬ್ಬರ ಬೆರೆಸಿ ಲಾವಂಚದಂಥ ಆಳಬೇರಿನ ಗಿಡ ನೆಡುವುದೆಲ್ಲ ಆ ಇಂಗುವಿಕೆಗಾಗಿಯೇ.

ಎರಡು ತೊಡಕುಗಳಿವೆ. ‘ತಗ್ಗು-ದಿನ್ನಿ’ ಎಂದು ಕೆಟ್ಟ ರಸ್ತೆಯನ್ನು ಬೈಯುವ ನಮ್ಮ ಸೀಮೆಯಲ್ಲಿ, ಬೇಕೆಂದೇ ಮಾಡಿದ ತಗ್ಗನ್ನು ಜನ ಮೆಚ್ಚುವರೇ? ಇನ್ನೊಂದು, ‘ಸುಡುಗಾಡು’, ‘ಬೆಟ್ಟದಾವರೆ’ಗಳ ಹಾಗೆ ಇಲ್ಲಿಯೂ ಆದೇಶ ಸಂಧಿಯಾಗಿ ‘ಇಂಗುದಗ್ಗು’ ಆಗಬೇಕೇ? ಕಿವಿಗೆ ನನಗೆ ‘ಇಂಗುತಗ್ಗು’ ಒಪ್ಪುತ್ತದೆ. ವ್ಯಾಕರಣ ಬಲ್ಲವರು ತಿಳಿಸಬೇಕು.

ಇದರ ಜೊತೆಯ ‘ಬಯೋಸ್ವೇಲ್’ಗೆ ‘ಹುಲ್ಲುಗಾಲುವೆ’ ಎಂದು ಯೋಚಿಸಿದ್ದೆ. ಆದರೆ ಗಂಗಾವತಿ, ಸಿಂಧನೂರಿನವರಿಗೆ ಕಾಲುವೆಯೆಂದರೆ ತುಂಗಭದ್ರೆಯಿಂದ ಗದ್ದೆಗೆ ನೀರು ತರುವ ಎಡದಂಡೆ ಕಾಲುವೆ. ಇದಾದರೋ ಮಳೆನೀರನ್ನು ಹುಲ್ಲಿನ ಮೇಲೆ ತಡೆತಡೆದು ಸಾಗಿಸುವ ಆಳವಿಲ್ಲದ ಹರಿವು. ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದವರು ಒಡ್ಡಿನ ಪಕ್ಕದ ಇಂಥ ನೀರಿನ ದಾರಿಗೆ ಏನೆನ್ನುತ್ತಾರೆ?