ಉದ್ಯಾನದ ಕಾರ್ಯಕ್ರಮಕ್ಕೆ ಅನುಮತಿ ನಿರಾಕರಣೆ: ಮೇಲ್ಮನವಿಯ ಕುರಿತು

ಕಾರ್ಯದರ್ಶಿ (ಮನೆ 12)

ಎಲ್ಲರಿಗೂ ನಮಸ್ಕಾರ. ಉದ್ಯಾನದಲ್ಲಿ ನಾವು ನಡೆಸಬೇಕೆಂದಿದ್ದ ಮಕ್ಕಳ ನಾಟಕ ಮತ್ತು ಕಥಾವಾಚನದ ಸಂಜೆಗೆ ಅನುಮತಿ ನೀಡಲು ಸಾಧ್ಯವಿಲ್ಲವೆಂದು ಸ್ಥಳೀಯ ಸಂಸ್ಥೆಯಿಂದ ನಿನ್ನೆ ಹಿಂಬರಹ ಬಂದಿದೆ. ಅದರಲ್ಲಿ ಮೂರು ಕಾರಣಗಳಿವೆ: ಧ್ವನಿವರ್ಧಕದಿಂದ ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾಗುತ್ತದೆ, ಹುಲ್ಲುಹಾಸಿಗೂ ಮರಗಳಿಗೂ ಹಾನಿಯಾಗುತ್ತದೆ, ಮತ್ತು ಕಾರ್ಯಕ್ರಮವು ‘ಸಾರ್ವಜನಿಕ ಹಿತದೃಷ್ಟಿಯಿಂದ ಸೂಕ್ತವಲ್ಲ’. ಪತ್ರ ಕೈಸೇರಿದ ದಿನದಿಂದ 15 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದು ಕೊನೆಯ ಸಾಲಿನಲ್ಲಿ ತಿಳಿಸಿದ್ದಾರೆ. ಕಾರ್ಯಕ್ರಮಕ್ಕೆ ಉಳಿದಿರುವುದು 24 ದಿನ ಮಾತ್ರ. ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ.

ಮನೆ 31

ಇದು ಅನ್ಯಾಯ. ಮನೆ ಮನೆಗೂ ಹೋಗಿ ಸಹಿ ಸಂಗ್ರಹಿಸಿ, ಎಲ್ಲರೂ ಒಟ್ಟಾಗಿ ಕಚೇರಿಗೆ ಹೋಗೋಣ. ಅವರು ಒಪ್ಪದಿದ್ದರೆ ನೇರವಾಗಿ ನ್ಯಾಯಾಲಯಕ್ಕೇ ಹೋಗಬಹುದಲ್ಲವೇ?

ಮನೆ 7

ನಿಮ್ಮ ಬೇಸರ ನನಗೂ ಇದೆ, ಸರ್. ಮಕ್ಕಳು ಎರಡು ತಿಂಗಳಿಂದ ತಮ್ಮ ತಮ್ಮ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಾರೆ. ಆದರೆ ಮೇಲ್ಮನವಿ ಕೇಳುವ ಅಧಿಕಾರಿಯ ಮುಂದಿರುವುದು ಒಂದೇ ಪ್ರಶ್ನೆ: ಹಿಂಬರಹದಲ್ಲಿ ಬರೆದಿರುವ ಕಾರಣಗಳು ನಿಲ್ಲುತ್ತವೆಯೇ, ಇಲ್ಲವೇ? ಎಷ್ಟೇ ಸಹಿಗಳಿದ್ದರೂ ಅವು ಈ ಕಾರ್ಯಕ್ರಮ ಎಷ್ಟು ಜನರಿಗೆ ಬೇಕಾಗಿದೆ ಎಂಬುದನ್ನು ಹೇಳುತ್ತವೆಯೇ ಹೊರತು, ಸದ್ದು ಎಷ್ಟು ದೂರ ಹೋಗುತ್ತದೆ, ಮರಕ್ಕೆ ಏನಾಗುತ್ತದೆ ಎಂಬುದಕ್ಕೆ ಉತ್ತರವಾಗುವುದಿಲ್ಲ. ಆದ್ದರಿಂದ ನಮ್ಮ ಬರಹ ಆ ಮೂರು ಕಾರಣಗಳನ್ನು ಬಿಟ್ಟು ಆಚೀಚೆ ಹೋಗಬಾರದು. ಇನ್ನು ನ್ಯಾಯಾಲಯದ ಮಾತು: ಮೇಲ್ಮನವಿಯ ಅವಕಾಶ ಇರುವಾಗ ಅದನ್ನು ಬಳಸಿಕೊಳ್ಳದೆ ಹೋದರೆ, ಅದನ್ನು ಮೊದಲು ಮುಗಿಸಿ ಬನ್ನಿ ಎಂದೇ ಸಾಮಾನ್ಯವಾಗಿ ಹೇಳಿ ಕಳುಹಿಸುತ್ತಾರೆ.

ಮೂರನೆಯ ಕಾರಣದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಕೇಳಲು ದೊಡ್ಡದಾದರೂ ಒಳಗೆ ಟೊಳ್ಳು. ಯಾವ ಹಿತ, ಯಾರ ಹಿತ, ಅದಕ್ಕೆ ಹೇಗೆ ಧಕ್ಕೆಯಾಗುತ್ತದೆ ಎಂಬ ಒಂದು ಮಾತೂ ಅಲ್ಲಿಲ್ಲ. ಷಿಕಾಗೊ ನಗರದ ಉದ್ಯಾನಗಳಲ್ಲಿ 50ಕ್ಕೂ ಹೆಚ್ಚು ಜನ ಸೇರುವ ಕಾರ್ಯಕ್ರಮಗಳಿಗೆ ಅನುಮತಿ ಕಡ್ಡಾಯವೆಂಬ ನಿಯಮ 2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತು. ಹಾಗೆ ಎತ್ತಿಹಿಡಿಯಲು ಕಾರಣವೇ ನಮಗೆ ಬೇಕಾದದ್ದು: ಅಲ್ಲಿ ಅನುಮತಿ ನಿರಾಕರಿಸಬಹುದಾದ ಕಾರಣಗಳನ್ನು ನಿಯಮದಲ್ಲೇ ಒಂದೊಂದಾಗಿ ನಮೂದಿಸಲಾಗಿತ್ತು, ನಿರಾಕರಿಸಿದರೆ ಲಿಖಿತವಾಗಿ ಕಾರಣ ಕೊಡಬೇಕಿತ್ತು, ಸಾಧ್ಯವಿದ್ದಲ್ಲಿ ಅರ್ಜಿಯ ದೋಷವನ್ನು ಹೇಗೆ ಸರಿಪಡಿಸಬಹುದೆಂದೂ ತಿಳಿಸಬೇಕಿತ್ತು. ಇಲ್ಲಿಯ ಅಧಿಕಾರಿಗಳಿಗೆ ಆ ತೀರ್ಪು ಬಂಧನಕಾರಿಯಲ್ಲ ಎಂಬುದು ನನಗೆ ಗೊತ್ತಿದೆ; ಆದರೂ ಉದ್ಯಾನದ ಅನುಮತಿ ನ್ಯಾಯವಾಗಿ ನಡೆಯಬೇಕಾದ ರೀತಿಗೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಕೂಡ 1977ರಲ್ಲಿ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ, ಶಾಸನಬದ್ಧ ಅಧಿಕಾರಿಯ ಆದೇಶವನ್ನು ಅದರಲ್ಲೇ ಬರೆದಿರುವ ಕಾರಣಗಳಿಂದ ಅಳೆಯಬೇಕು, ಆಮೇಲೆ ಹೊಸ ಕಾರಣಗಳನ್ನು ಸೇರಿಸಿ ಅದನ್ನು ಗಟ್ಟಿ ಮಾಡುವಂತಿಲ್ಲ ಎಂದು ಹೇಳಿದೆ. ವಿಚಾರಣೆಯ ದಿನ ನಾಲ್ಕನೆಯ ಕಾರಣವೊಂದು ಹುಟ್ಟಿಕೊಂಡರೆ ನಾವು ನೆನಪಿಸಬೇಕಾದದ್ದು ಇದನ್ನೇ.

ಎರಡನೆಯ ಕಾರಣದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನಿನ್ನೆ ಸಂಜೆ ನಾವು ಅರ್ಜಿಯ ಜೊತೆ ಕೊಟ್ಟಿದ್ದ ನಕ್ಷೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ಉದ್ಯಾನದಲ್ಲಿ ನಡೆದು ನೋಡಿದೆ. ವೇದಿಕೆಯ ಚೌಕವನ್ನು ನಾವು ದೊಡ್ಡ ಮರದ ಬುಡಕ್ಕೆ ತಾಗಿಸಿಯೇ ಬರೆದಿದ್ದೇವೆ. ಅಲ್ಲಿ ನಿಂತರೆ ಕಾಲಿನ ಕೆಳಗೆ ಬೇರುಗಳು ನೆಲದಿಂದ ಎದ್ದು ನಿಂತಿರುವುದು ಕಾಣುತ್ತದೆ, ಅವುಗಳ ನಡುವೆ ಹುಲ್ಲೂ ಇಲ್ಲ. ಮರಕ್ಕೆ ನೀರು ಹೀರಿಕೊಡುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನ ಒಂದೆರಡು ಅಡಿಗಳೊಳಗೇ ಇರುತ್ತವೆ ಮತ್ತು ಕೊಂಬೆಗಳ ಅಂಚನ್ನೂ ದಾಟಿ ಹರಡಿರುತ್ತವೆ. ವೇದಿಕೆಯ ಭಾರಕ್ಕೆ ಮಣ್ಣು ಗಟ್ಟಿಯಾದರೆ ಗಾಳಿಯೂ ನೀರೂ ಕೆಳಗಿಳಿಯುವುದಿಲ್ಲ; ಹಾನಿ ಆ ದಿನ ಕಾಣದೆ, ಒಂದೆರಡು ವರ್ಷಗಳ ನಂತರ ಕೊಂಬೆಗಳ ತುದಿ ಒಣಗತೊಡಗಿದಾಗ ಕಾಣಬಹುದು. ಈ ಆಕ್ಷೇಪ ಸರಿಯಾಗಿದೆ ಎಂದು ಮೇಲ್ಮನವಿಯಲ್ಲಿ ಒಪ್ಪಿಕೊಂಡು, ವೇದಿಕೆಯನ್ನು ಮಧ್ಯದ ಕಲ್ಲುಹಾಸಿನ ವೃತ್ತಕ್ಕೆ ಸ್ಥಳಾಂತರಿಸಿದ ಹೊಸ ನಕ್ಷೆಯನ್ನು ಲಗತ್ತಿಸೋಣ. ಹಿಂದಿನ ದಿನ ಮಳೆ ಬಂದು ನೆಲ ನೆನೆದಿದ್ದರೆ ಕಾರ್ಯಕ್ರಮವನ್ನು ಮುಂದೂಡುತ್ತೇವೆಂದೂ ಬರೆದುಕೊಡೋಣ, ಏಕೆಂದರೆ ಒದ್ದೆ ಮಣ್ಣು ತುಳಿತಕ್ಕೆ ಬೇಗ ಗಟ್ಟಿಯಾಗುತ್ತದೆ.

ಸದ್ದಿನ ಕುರಿತು ಅಳತೆ ಬೇಕು. ತೆರೆದ ಜಾಗದಲ್ಲಿ ಒಂದು ಧ್ವನಿವರ್ಧಕದ ಸದ್ದು, ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. 10 ಮೀಟರ್ ದೂರದಲ್ಲಿ 70 ಡೆಸಿಬಲ್ ಇದ್ದದ್ದು 40 ಮೀಟರ್ ದೂರದಲ್ಲಿ 58ರ ಹತ್ತಿರ ಬರುತ್ತದೆ. ಧ್ವನಿವರ್ಧಕದ ಮುಖ ಮನೆಗಳ ಕಡೆಗಿಲ್ಲದಿದ್ದರೆ ಇನ್ನೂ ಕಡಿಮೆ. ಆದರೆ ಲೆಕ್ಕವೊಂದೇ ಸಾಲದು, ಕಿಟಕಿಯ ಬಳಿ ನಿಂತು ಅಳೆದ ಅಂಕಿ ಬೇಕು.

ಮನೆ 3

ಈ ಚರ್ಚೆಯನ್ನು ಬೆಳಿಗ್ಗೆಯಿಂದ ಓದುತ್ತಿದ್ದೇನೆ. ದೂರು ಕೊಟ್ಟವಳು ನಾನೇ. ಪೂರ್ವದ ಗೇಟಿನ ಎದುರಿಗಿರುವ ನಮ್ಮ ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದು ಮೂರು ವರ್ಷಗಳಾಗಿವೆ. ಕಳೆದ ಸಲದ ಕಾರ್ಯಕ್ರಮದಲ್ಲಿ ಧ್ವನಿವರ್ಧಕವನ್ನು ನಮ್ಮ ಕಿಟಕಿಗೆ ನೇರವಾಗಿ ಇಟ್ಟಿದ್ದರು; ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಔಷಧದ ಸೀಸೆಗಳು ಆ ಸದ್ದಿಗೆ ಒಂದಕ್ಕೊಂದು ತಾಗಿ ಅಲುಗಾಡುತ್ತಿದ್ದವು. ಈ ಸಲ ಅರ್ಜಿ ಹಾಕುವ ಮೊದಲು ಯಾರೂ ನಮ್ಮ ಮನೆಗೆ ಬಂದು ಒಂದು ಮಾತು ಕೇಳಲಿಲ್ಲ. ಮಕ್ಕಳ ನಾಟಕದ ಮೇಲೆ ನನಗೆ ಯಾವ ಕೋಪವೂ ಇಲ್ಲ.

ಮನೆ 7

ಮೇಡಂ, ಅದು ನಮ್ಮ ತಪ್ಪು. ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ, ಆದ್ದರಿಂದ ಕ್ಷಮೆ ಕೇಳುತ್ತೇನೆ. ದೂರನ್ನು ಹಿಂತೆಗೆದುಕೊಳ್ಳಿ ಎಂದು ನಿಮ್ಮನ್ನು ಕೇಳುವುದಿಲ್ಲ. ನೀವು ಅನುಮತಿಸಿದರೆ ಹೊಸ ಜಾಗದಲ್ಲಿ ಒಂದೇ ಧ್ವನಿವರ್ಧಕವನ್ನು ಪಶ್ಚಿಮಕ್ಕೆ ಮುಖ ಮಾಡಿ ಇಟ್ಟು, ನಿಮ್ಮ ಕಿಟಕಿಯ ಬಳಿ ನಿಮ್ಮೆದುರಿಗೇ ಅಳತೆ ಮಾಡುತ್ತೇವೆ. ಅಂಕಿ ಏನೇ ಬಂದರೂ ಅದನ್ನೇ ಮೇಲ್ಮನವಿಯಲ್ಲಿ ಬರೆಯುತ್ತೇವೆ. ಅಮ್ಮನವರಿಗೆ ಆಗಲೂ ತೊಂದರೆಯಾಗುವುದಾದರೆ ಧ್ವನಿವರ್ಧಕವೇ ಇಲ್ಲದೆ ನಾಟಕವಾಡಿಸೋಣ. ನೂರು ಜನರಿಗೆ ಕೇಳುವಂತೆ ಮಾತಾಡುವುದನ್ನು ಮಕ್ಕಳೂ ಕಲಿಯಲಿ.

ಮನೆ 3

ಬುಧವಾರ ಸಂಜೆ ಐದರ ನಂತರ ಬನ್ನಿ, ಅಮ್ಮ ಎಚ್ಚರವಾಗಿರುತ್ತಾರೆ. ಏಳೂವರೆಗೆ ಎಲ್ಲವೂ ಮುಗಿಯುತ್ತದೆಂದು ಷರತ್ತಿನಲ್ಲಿ ಬರೆಯಿರಿ. ಅದು ಪತ್ರದಲ್ಲಿದ್ದರೆ, ಮತ್ತು ಅಳತೆ ಸರಿಯಿದ್ದರೆ, ನನ್ನ ಆಕ್ಷೇಪವಿಲ್ಲವೆಂದು ನಾನೇ ಬರೆದುಕೊಡುತ್ತೇನೆ.

ಮನೆ 31

ಮೇಡಂ, ವಿಷಯ ತಿಳಿಯದೆ ದುಡುಕಿ ಬರೆದೆ. ಬುಧವಾರ ವೇದಿಕೆಯ ಜಾಗವನ್ನು ಅಳೆದು ಗುರುತು ಹಾಕಲು ನಾನು ಟೇಪು ತರುತ್ತೇನೆ.

ಕಾರ್ಯದರ್ಶಿ (ಮನೆ 12)

ಹಾಗಾದರೆ ಹೀಗೆ ಮಾಡೋಣ. ಕಡತದಲ್ಲಿ ಸ್ಥಳ ಪರಿಶೀಲನೆಯ ವರದಿ ಇದೆಯೇ ಎಂದು ತಿಳಿಯಲು ಅದರ ದೃಢೀಕೃತ ಪ್ರತಿಗೆ ನಾಳೆಯೇ ಅರ್ಜಿ ಕೊಡುತ್ತೇನೆ. ಮೇಲ್ಮನವಿಯಲ್ಲಿ ಹಿಂಬರಹವನ್ನು ರದ್ದುಪಡಿಸಬೇಕೆಂದೂ, ಅದಾಗದಿದ್ದರೆ ನಾವು ಸೂಚಿಸಿರುವ ಷರತ್ತುಗಳಿಗೆ ಒಳಪಟ್ಟು ಅನುಮತಿ ನೀಡಬೇಕೆಂದೂ ಕೋರುತ್ತೇವೆ. 15ನೆಯ ದಿನದವರೆಗೆ ಕಾದರೆ ವಿಚಾರಣೆಗೆ ಉಳಿಯುವುದು ಒಂಬತ್ತೇ ದಿನ, ಹಾಗಾಗಿ ಶುಕ್ರವಾರವೇ ಸಲ್ಲಿಸಿ, ಕಾರ್ಯಕ್ರಮದ ದಿನಾಂಕವನ್ನು ಮೊದಲ ಪುಟದಲ್ಲೇ ನಮೂದಿಸಿ ಶೀಘ್ರ ವಿಚಾರಣೆ ಕೇಳೋಣ. ಪರ್ಯಾಯ ದಿನಾಂಕವೊಂದನ್ನೂ ಕೊಡೋಣ. ಹಿಂಬರಹಕ್ಕೆ ಸಹಿ ಹಾಕಿದ ಅಧಿಕಾರಿಯೇ ಮೇಲ್ಮನವಿಯನ್ನು ಕೇಳದಂತೆ ಅವರ ಮೇಲಧಿಕಾರಿಯ ಹೆಸರಿಗೆ ಬರೆಯುತ್ತೇನೆ. ಲಕೋಟೆಯ ಮೇಲೆ ಅಂಚೆಯ ಮುದ್ರೆ ಇದೆ, ಅದನ್ನು ಜೋಪಾನವಾಗಿ ಇಟ್ಟಿದ್ದೇನೆ. 7ನೇ ಮನೆಯವರು ಕರಡನ್ನು ಗುರುವಾರ ರಾತ್ರಿಯೊಳಗೆ ಇಲ್ಲಿ ಹಾಕಿದರೆ, 3ನೇ ಮನೆಯ ಮೇಡಂ ಮೊದಲು ಓದಿ ಒಪ್ಪಿದ ಮೇಲೆ ನಾನು ಸಹಿ ಮಾಡುತ್ತೇನೆ.